ಮಸ್ಕಿ ಗುಡ್ಡದ ಸಂದಿಯಲ್ಲಿ ಅಜ್ಜಿಯ ಲಿಂಗ

ಸುಮ್ಮನೆ ನೋಡಿ ಬರುವುದಕ್ಕೆಂದು ಬಂಡಿ ಹೂಡಿದವನು ನಿಜಾಮನ ಕಾಲದ ಸಿಂಧನೂರಿನಲ್ಲಿ ನಮ್ಮಪ್ಪನೊಬ್ಬನೇ ಇರಬೇಕು. ಉಳಿದವರು ಹೂಡುತ್ತಿದ್ದದ್ದು ಮದುವೆಗೆ, ಹರಕೆಗೆ, ಇಲ್ಲವೇ ಕಚೇರಿಯ ಅಲೆದಾಟಕ್ಕೆ. ಅಪ್ಪನಿಗೆ ಮಾತ್ರ ಗುಡ್ಡ, ಕೋಟೆ, ಹೊಳೆ ನೋಡುವ ಹುಚ್ಚು. ಬಟ್ಟೆ ಅಂಗಡಿಯನ್ನು ಕಾಕಾನಿಗೆ ಒಪ್ಪಿಸಿ, ಸವಾರಿ ಬಂಡಿಗೆ ಕಮಾನು ಕಟ್ಟಿಸಿ, ಒಳಗೆ ಹುಲ್ಲು ಹರವಿ ಮೇಲೆ ಜಮಖಾನ ಹಾಸಿ, ಅಜ್ಜಿಯನ್ನೂ ನನ್ನನ್ನೂ ಹತ್ತಿಸಿಕೊಂಡು ಹೊರಟ. ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಕಲ್ಲು ನೋಡಲು ಯಾರಾದರೂ ಎತ್ತು ಸವೆಸುತ್ತಾರೆಯೇ ಎಂದು ಅಜ್ಜಿ ಗೊಣಗಿದಳು. ಆದರೆ ಎಲ್ಲರಿಗಿಂತ ಮೊದಲು ಬಂಡಿಯಲ್ಲಿ ಕೂತವಳೂ ಆಕೆಯೇ.

ನಾನು ಹುಟ್ಟು ಪುಕ್ಕಲಿ. ಲಿಂಗಸುಗೂರು ದಾಟಿ ಮುದಗಲ್ಲಿನ ಕೋಟೆಗೆ ಹೋದಾಗ ಕಂದಕದ ಹಸಿರು ನೀರು ಕಂಡು ಅಪ್ಪನ ಧೋತರ ಹಿಡಿದವಳು ಬಿಡಲಿಲ್ಲ. ಜಲದುರ್ಗದಲ್ಲಿ ಕೃಷ್ಣೆ ಬಂಡೆಗಳನ್ನು ಸೀಳಿಕೊಂಡು ಆಳದಲ್ಲಿ ಹರಿಯುತ್ತಿದ್ದಳು. ಅಪ್ಪ ಅಂಚಿಗೆ ನಿಂತು ನೋಡಿ ಎಂದು ಕೈಮಾಡಿ ಕರೆದರೆ, ನಾನು ಕಣ್ಣುಮುಚ್ಚಿ ನೆಲಕ್ಕೆ ಕುಕ್ಕರಿಸಿದೆ. ಅಜ್ಜಿ ಅಂಚಿಗೇ ಹೋಗಿ ಕೆಳಗೆ ಇಣುಕಿ, ಇಷ್ಟೇನಾ ಎಂಬಂತೆ ವಾಪಸು ಬಂದಳು. ಇಂಥ ಅಂಜುಬುರುಕಿ ನನ್ನ ಮೊಮ್ಮಗಳು ಹೆಂಗಾದಳೋ ಎಂದು ನಕ್ಕಳು. ಬಂಡಿ ಹೊಡೆಯುವ ಮುದುಕನಿಗೂ ನನ್ನನ್ನು ಕಂಡರೆ ಚೇಷ್ಟೆ. ಮಸ್ಕಿ ಗುಡ್ಡದಲ್ಲಿ ಚಿರತೆ ಸೇರಿಕೊಂಡಿದೆ, ಮೊನ್ನೆ ಕುರಿ ಹೊತ್ತುಕೊಂಡು ಹೋಯಿತು ಎಂದು ದಾರಿಯುದ್ದಕ್ಕೂ ಹೇಳಿದ. ಹೆದರುವವರ ಮೇಲೆ ಹಾವು ಎಸೆದಂತಾಯಿತು ನನಗೆ.

ಮಸ್ಕಿಯನ್ನು ನೋಡುವುದು ವಾಪಸು ಬರುವಾಗ ಎಂದಿತ್ತು. ಬೆಳಿಗ್ಗೆ ಬಂಡಿಯನ್ನು ಗುಡ್ಡದ ಬುಡದಲ್ಲಿ ಬಿಟ್ಟು ಮೇಲೆ ಹತ್ತಿದೆವು. ಹಳೆಯ ರಾಜನೊಬ್ಬನ ಕಾಲದ ಅಕ್ಷರಗಳಿರುವ ಬಂಡೆಯನ್ನು ಅಪ್ಪ ತೋರಿಸಿದ. ಉರ್ದು, ಮೋಡಿ, ಕನ್ನಡ ಎಲ್ಲ ಬಲ್ಲ ಅಪ್ಪನಿಗೆ ಅದರ ಒಂದು ಅಕ್ಷರವೂ ಬರಲಿಲ್ಲ. ಓದಲು ಬಾರದ್ದನ್ನು ನೋಡಲು ಇಷ್ಟು ದೂರ ಬಂದೆವೇ ಎಂದು ಅಜ್ಜಿ ಕೇಳಿದಳು. ಬಿಸಿಲು ಆಗಲೇ ಏರಿತ್ತು, ಆಕೆಯ ತುಟಿ ಒಣಗಿತ್ತು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಅಜ್ಜಿಯ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಆಕೆಯ ಇಷ್ಟಲಿಂಗ. ದಿನವೂ ಅದನ್ನು ಎಡಗೈ ಮೇಲಿಟ್ಟು ಪೂಜೆ ಮಾಡಿದ ಮೇಲೆಯೇ ಆಕೆಯ ಬಾಯಿಗೆ ನೀರು. ಬಂಡಿಯ ಹತ್ತಿರವೇ ಪೂಜೆ ಮುಗಿಸು ಎಂದು ಅಪ್ಪ ಹೇಳಿದ್ದ. ಗುಡ್ಡದ ಮೇಲೆ ಮಲ್ಲಯ್ಯನ ಗುಡಿ ಇರುವಾಗ ಎತ್ತಿನ ಸೆಗಣಿಯ ನಡುವೆ ಯಾಕೆ ಕೂಡಲಿ ಎಂದು ಆಕೆ ಒಪ್ಪಿರಲಿಲ್ಲ. ಗುಡಿಯ ಸನಿಹ ಒಂದು ಹಾಸುಬಂಡೆಯ ನೆರಳಿನಲ್ಲಿ ಕೂತು, ಲಿಂಗವನ್ನು ಅಂಗೈಗೆ ತೆಗೆದುಕೊಂಡು ನೀರೆರೆದಳು. ಹತ್ತಿ ಬಂದ ಆಯಾಸಕ್ಕೆ ಕೈ ನಡುಗಿತು. ನುಣುಪಾದ ಲಿಂಗ ಜಾರಿ, ಇಳಿಜಾರು ಬಂಡೆಯ ಮೇಲೆ ಉರುಳಿ, ಎರಡು ದೊಡ್ಡ ಗುಂಡುಗಳ ನಡುವಿನ ಸಂದಿಯೊಳಗೆ ಬಿತ್ತು. ಅದು ಕೆಳಗೆ ತಾಕಿ ತಾಕಿ ಇಳಿಯುವ ಸಪ್ಪಳ ಕೇಳಿಸಿತು. ಆಮೇಲೆ ಏನೂ ಇಲ್ಲ.

ಲಿಂಗ ಕಳೆದವರು ಅದು ಕೈಗೆ ಬರುವವರೆಗೆ ಒಂದು ಹನಿ ನೀರೂ ಕುಡಿಯಬಾರದು. ಅಜ್ಜಿಯ ಸೋದರತ್ತೆ ಹೊಲದಲ್ಲಿ ಲಿಂಗ ಕಳೆದುಕೊಂಡು, ಬದುವಿನ ಮೇಲೆ ಕೂತಲ್ಲೇ ಪ್ರಾಣ ಬಿಟ್ಟಳಂತೆ. ಆ ಕತೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೋ, ಅದೂ ಹೆಮ್ಮೆಯಿಂದ. ಈಗ ಆಕೆಯೇ ಸಂದಿಯ ಬಾಯಿಗೆ ಕೂತಾಗ ನನಗೆ ಆ ಬದುವೇ ಕಣ್ಣಿಗೆ ಬಂತು. ಮಠಕ್ಕೆ ಹೋದರೆ ಹೊಸದನ್ನು ಕೊಡುತ್ತಾರೆ ಎಂದು ಅಪ್ಪ ಪರಿಪರಿಯಾಗಿ ಬೇಡಿದ. ಆಕೆ ತಲೆ ಅಲ್ಲಾಡಿಸಿದಳು. ಅಪ್ಪನ ಭುಜ ಆ ಸಂದಿಯಲ್ಲಿ ಹಿಡಿಸಲಿಲ್ಲ, ತೋಳು ಚಾಚಿದರೆ ತಳ ಎಟುಕಲಿಲ್ಲ. ಕಲ್ಲು ಮೀಟುವವರನ್ನು ಕರೆತರುತ್ತೇನೆಂದು, ಕುಡಿಯುವ ನೀರಿನ ತಂಬಿಗೆಯನ್ನು ಅಜ್ಜಿಯ ಪಕ್ಕದಲ್ಲಿಟ್ಟು ಊರಿನ ಕಡೆ ಓಡಿದ.

ಬಿಸಿಲು ನೆತ್ತಿಗೆ ಬಂತು. ಅಜ್ಜಿ ಕಣ್ಣುಮುಚ್ಚಿದ್ದಳು, ಉಸಿರಿಗೊಮ್ಮೆ ಗಂಟಲು ಕರ್ ಎನ್ನುತ್ತಿತ್ತು. ಆಕೆ ಸತ್ತೇಹೋಗುತ್ತಾಳೆ ಎನಿಸಿತು. ನನ್ನ ಮೈ ಕಡ್ಡಿಯಂತಿತ್ತು. ಹೇಳದೆ ಕೇಳದೆ ಕಾಲು ಕೆಳಗೆ ಮಾಡಿ ಸಂದಿಯೊಳಗೆ ಇಳಿದೆ.

ಒಳಗೆ ತಣ್ಣಗಿತ್ತು, ಕತ್ತಲೆಯಿತ್ತು. ಸ್ವಲ್ಪ ಇಳಿಯುವಷ್ಟರಲ್ಲಿ ಹಳಸಿದ ಮಾಂಸದ ನಾತ ಮೂಗಿಗೆ ಬಡಿಯಿತು. ಪಾದಕ್ಕೆ ಮೆತ್ತನೆಯ ಕೂದಲು, ಅದರ ಕೆಳಗೆ ಎಲುಬು ತಗುಲಿತು. ಚಿರತೆ ಎಂದುಕೊಂಡದ್ದೇ ತಡ, ಕೈಕಾಲು ಮರಗಟ್ಟಿದವು. ಉಸಿರು ಬಿಟ್ಟರೆ ಅದಕ್ಕೆ ಕೇಳಿಸೀತು ಎಂದು ಉಸಿರನ್ನೂ ಬಿಗಿಹಿಡಿದೆ. ಆಗಲೇ ಇನ್ನೂ ಕೆಳಗೆ, ಬೆಳಕಿನ ಒಂದು ಗೆರೆಯಲ್ಲಿ, ಕರಿಯ ಉಂಡೆಯೊಂದು ಕಂಡಿತು. ಅಲ್ಲಿ ಸಂದಿ ಇನ್ನೂ ಕಿರಿದಾಗಿತ್ತು. ನೆತ್ತಿಯ ಮೇಲೆ ಅಜ್ಜಿಯ ಮುಖ ಮೂಡಿತು. ಆಕೆಯ ದನಿ ಗುರುತೇ ಸಿಗದಷ್ಟು ಒಣಗಿತ್ತು.

"ಮ್ಯಾಲ ಬಾ ಬೇ. ಇನ್ನ ಇಳದ್ರ ಸಿಕ್ಕೊಂತಿ."

"ಲಿಂಗ ಕಾಣಾಕತ್ತೈತಿ."

"ಇರಲಿ. ನೀ ಬಾ."

"ಒಲ್ಲೆ. ನೀ ನೀರು ಕುಡಿಯಂಗಿಲ್ಲ, ಸಾಯ್ತಿ," ಎಂದು ಅತ್ತೆ. ಅಳುತ್ತಲೇ ಇನ್ನೊಂದು ಗೇಣು ಜಾರಿದೆ. ಕಲ್ಲು ಎದೆಗೆ ಒತ್ತಿತು.

ಮೇಲೆ ತಂಬಿಗೆ ಬಂಡೆಗೆ ತಾಕಿದ್ದು ಕೇಳಿಸಿತು. ಗಟಗಟ ಎಂದು ಗುಟುಕು ಇಳಿಯುವ ಸಪ್ಪಳ, ಒಂದರ ಹಿಂದೆ ಒಂದು, ನಿಲ್ಲಲೇ ಇಲ್ಲ.

"ಕುಡದೆ," ಎಂದಳು ಅಜ್ಜಿ. "ಈಗ ಬಾ."

ಸೀರೆಯ ಸೆರಗನ್ನು ಕೆಳಗೆ ಬಿಟ್ಟಳು. ನಾನು ಹಿಡಿದುಕೊಂಡೆ. ಆ ಮುದುಕಿಗೆ ಎಲ್ಲಿಂದ ಬಂತೋ ಬಲ, ಮೊಣಕಾಲು ತರಚುತ್ತ ಮೇಲೆ ಬಂದೆ. ಆಕೆಯ ಗದ್ದ, ಕುಪ್ಪಸ ಎಲ್ಲ ತೊಯ್ದಿದ್ದವು. ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಭಯವಾಯಿತು.

ಅಪ್ಪ ಇಬ್ಬರು ಆಳುಗಳೊಂದಿಗೆ ಬಂದ. ಅವರು ಗುಂಡಿನ ಮಗ್ಗುಲಿನ ಕಲ್ಲನ್ನು ಹಾರೆಯಿಂದ ಮೀಟಿ, ಕೆಳಗಿನಿಂದ ಕೈಹಾಕಿ ಲಿಂಗವನ್ನು ತೆಗೆದೇಬಿಟ್ಟರು. ಒಳಗೆ ಚಿರತೆ ಇರಲಿಲ್ಲ, ಅದು ಅರ್ಧ ತಿಂದು ಬಿಟ್ಟುಹೋದ ಕುರಿಯಿತ್ತು. ಅಪ್ಪ ಬರಿದಾದ ತಂಬಿಗೆಯನ್ನು ನೋಡಿದ, ಅಜ್ಜಿಯನ್ನು ನೋಡಿದ. ಯಾರೂ ಕಂಡಿಲ್ಲ, ಕಟ್ಟಿಕೋ ಎಂದು ಮೆಲ್ಲಗೆ ಹೇಳಿದ. ಅಜ್ಜಿ ಲಿಂಗವನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ಸೆರಗಿನಲ್ಲಿ ಹಾಕಿಸಿಕೊಂಡು, ಊರಿನ ಮಠಕ್ಕೆ ನಡೆ ಎಂದಳು.

ಮಠದ ಅಯ್ಯನವರು ಬಹಳ ವಯಸ್ಸಾದವರು. ಅಜ್ಜಿ ಅವರ ಮುಂದೆ ಕೂತು ನಡೆದದ್ದೆಲ್ಲವನ್ನೂ ಹೇಳಿದಳು, ನೀರು ಕುಡಿದದ್ದನ್ನೂ ಮುಚ್ಚಲಿಲ್ಲ. ಅಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಅಯ್ಯನವರು ಸಿಟ್ಟಾಗಲಿಲ್ಲ, ನೊಂದುಕೊಂಡವರಂತೆ ಕೇಳಿದರು.

"ಒಂದೀಟು ತಾಳಿದ್ರ ಲಿಂಗ ಕೈಗೆ ಬರತಿತ್ತಲ್ಲ ತಾಯಿ. ಸಾವಿಗೆ ಅಂಜಿದೇನು?"

"ಹೂಂರೀ, ಅಂಜಿದೆ," ಎಂದಳು ಅಜ್ಜಿ. "ನನ್ನ ಸಾವಿಗಲ್ರೀ. ಈ ಕೂಸಿಂದಕ್ಕ."

ಅಯ್ಯನವರು ಲಿಂಗವನ್ನು ತೊಳೆದು ವಿಭೂತಿ ಹಚ್ಚಿ ಮುಂದೆ ನೀಡಿದರು. ಅಜ್ಜಿ ಎಡಗೈ ಒಡ್ಡಿದಳು. ಬಲಗೈಯಲ್ಲಿ ನನ್ನ ರಟ್ಟೆ ಹಿಡಿದಿದ್ದಳು, ಅದನ್ನು ಆಗಲೂ ಬಿಡಲಿಲ್ಲ.