ವರ್ಡಿಯ ಕೆಳದನಿ

ವರ್ಡಿ ಕಾಡಿಲ್ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಹುರುಳಿಕಾಯಿ ಬೇಯಿಸಿದವಳು. ಮುನ್ನೂರು ಮಕ್ಕಳನ್ನು ಒಂದೇ ಗದರಿಕೆಗೆ ಸಾಲಾಗಿ ನಿಲ್ಲಿಸುವ ಈ ಹೆಂಗಸು ಹಾಡುವಾಗ ಮಾತ್ರ ಗಿಟಾರ್ ಹಿಡಿದು ಅಕ್ಕ ಓರ್ಲಾಳ ಹಿಂದಕ್ಕೆ ಸರಿಯುತ್ತಿದ್ದಳು. ಅಕ್ಕನದು ಮೇಲಿನ ದನಿ, ಇವಳದು ಕೆಳಗಿನದು. ಕೆಂಟಕಿಯ ನಮ್ಮ ಕಣಿವೆಯಲ್ಲಿ ಮದುವೆಗೂ ಮಣ್ಣಿಗೂ ಇವರಿಬ್ಬರೇ ಹಾಡಬೇಕು, ಹೊಗಳಿಕೆ ಮಾತ್ರ ಓರ್ಲಾಳಿಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ವರ್ಡಿ ನನ್ನ ಚಿಕ್ಕಮ್ಮನ ಮಗಳು.

ಕಳೆದ ಅಕ್ಟೋಬರಿನಲ್ಲಿ ಆಲ್ಬಮ್ ಮಾಡೋಣವೆಂದು ಓರ್ಲಾ ಹಟ ಹಿಡಿದಳು. ವರ್ಡಿ ಷರತ್ತು ಹಾಕಿದಳು.

"ನನ್ನ ದನಿ ಎಲ್ಲಾದ್ರೂ ಒಂಟಿಯಾಗಿ ಕೇಳಿಸ್ತೋ, ಅಳಿಸಿಬಿಡ್ಬೇಕು. ಅದೇನು ದನಿನಾ? ಕಪ್ಪೆ!"

ರೆಕಾರ್ಡಿಂಗ್ ನಮ್ಮ ಅಡುಗೆಮನೆಯಲ್ಲೇ, ಒಂದೇ ಮೈಕಿನ ಮುಂದೆ. ಯಂತ್ರದ ಬಳಿ ನನ್ನ ಗಂಡ ಹೋಬಾರ್ಟ್. ಗುಂಯ್‌ಗುಡುವ ಫ್ರಿಜ್ಜನ್ನು ಆರಿಸಿ, ಮತ್ತೆ ಹಚ್ಚಲು ಮರೆಯದಿರಲೆಂದು ಕಾರಿನ ಕೀಲಿಯನ್ನು ಅದರೊಳಗೇ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಹಾಡು ಮುಗಿದವು. ಉಳಿದದ್ದು ಅವರಪ್ಪನ ಹಾಡು. ಮನೆ ಹಿಂದಿನ ಹಳಿಯಲ್ಲಿ ಕಲ್ಲಿದ್ದಲ ರೈಲು ಕೂಗುತ್ತ ಬರುವುದರೊಳಗೆ ಮುಗಿಯಬೇಕು.

ಹಾಡಿನ ಎರಡನೆಯ ನುಡಿಯಲ್ಲಿ ಫ್ರಿಜ್ಜಿನ ಮಂಜು ಕರಗಿ ಹರಿದು ಹೋಬಾರ್ಟನ ಕಾಲುಚೀಲ ತೋಯಿಸಿತು. ಸದ್ದು ಮಾಡುವಂತಿಲ್ಲ, ಕಾಲೆತ್ತುವಂತಿಲ್ಲ. ಅವನ ಮುಖ ನೋಡಿದ ಓರ್ಲಾ ಉಕ್ಕಿದ ನಗು ತಡೆಯಲು ಏಪ್ರನ್ನನ್ನು ಬಾಯಿಗೆ ತುರುಕಿಕೊಂಡಳು.

ಮೇಲಿನ ದನಿ ನಿಂತುಹೋಯಿತು!

ವರ್ಡಿಯೂ ನಿಲ್ಲಿಸುತ್ತಾಳೆ ಅಂದುಕೊಂಡೆ. ಆದರೆ ಶುರು ಮಾಡಿದ ಹಾಡನ್ನು ನಡುವೆ ಬಿಡಬಾರದೆಂದು ಅವರಪ್ಪ ಕಲಿಸಿದ್ದ. ವರ್ಡಿ ಅಕ್ಕನನ್ನು ದುರುಗುಟ್ಟಿ ನೋಡುತ್ತಲೇ ತನ್ನ ಕೆಳದನಿಯಲ್ಲಿ ಹಾಡಿದಳು, ಇಡೀ ನುಡಿ, ಒಬ್ಬಳೇ. ಒಲೆಯ ಶಾಖದ ಹಾಗೆ ಅದು ಕೋಣೆಯೆಲ್ಲ ತುಂಬಿತು. ಕೊನೆಯ ಸಾಲಿಗೆ ಓರ್ಲಾ ಸೇರಿಕೊಂಡಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಹಾಡು ಮುಗಿಯಿತು, ರೈಲು ಕೂಗಿತು.

"ಅಳಿಸು," ಎಂದಳು ವರ್ಡಿ.

"ಅಳಿಸಿದ್ರೆ ಉಳಿದ ಹನ್ನೊಂದು ಹಾಡೂ ಅಳಿಸು!" ಓರ್ಲಾ ಕಿರುಚಿದಳು.

"ಮೊದ್ಲು ಕೇಳ್ರಮ್ಮ ತಾಯಂದಿರಾ," ಹೋಬಾರ್ಟ್ ಕಾಲುಚೀಲ ಹಿಂಡುತ್ತ ಹಾಡು ಹಚ್ಚಿದ.

ವರ್ಡಿ ನಮಗೆ ಬೆನ್ನು ಮಾಡಿ ನೆಲ ಒರೆಸತೊಡಗಿದಳು. ಎರಡನೆಯ ನುಡಿ ಬಂದಾಗ ಕೈ ನಿಂತಿತು.

"ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿಸಿದಳು. ಆಮೇಲೆ ಒರೆಸುವ ಬಟ್ಟೆ ಹಿಡಿದೇ ತಿರುಗಿದಳು.

"ಅಕ್ಕಾ, ಇಷ್ಟು ವರ್ಷ ನಿಂಗೆ ಇದೇ ಕೇಳಿಸ್ತಿತ್ತಾ?"

"ಹೂಂ ಕಣೇ. ದಿನಾ."

"ಒಂದಿನಾನಾದ್ರೂ ಹೇಳ್ಬಾರ್ದಿತ್ತಾ?" ಎಂದು ಬಟ್ಟೆಯನ್ನು ಅಕ್ಕನ ಮೇಲೆಸೆದಳು.

ಆಲ್ಬಮ್ಮಿನ ಮೊದಲ ಹಾಡು ಅದೇ. ಹಾಗೆಂದು ಹಟ ಹಿಡಿದವಳು ವರ್ಡಿ.