ಡಯಾಲಿಸಿಸ್ ಕುರ್ಚಿಯೆದುರಿನ ಕಡಲು

ಹೊಸದುರ್ಗದಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ತಂದವರಿಗೆ ಅದಕ್ಕೊಪ್ಪುವ ರವಿಕೆ ಬಟ್ಟೆ, ಫಾಲ್, ದಾರ ಹುಡುಕಿ ಕೊಡುವುದು ನನ್ನ ಕೆಲಸ. ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಅಂಗಡಿಯನ್ನು ನಮ್ಮ ಮನೆಯವರಿಗೆ ಒಪ್ಪಿಸಿದೆ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋಗಿ, ಎಡಗೈಗೆ ಎರಡು ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಯಂತ್ರದ ಪಕ್ಕ ಅಲ್ಲಾಡದೆ ಕೂರತೊಡಗಿದೆ. ಮೂಗು ತುರಿಸಿದರೆ ಬಲಗೈ ಇತ್ತು. ಎದ್ದು ಕಿಟಕಿಯವರೆಗೆ ಹೋಗಬೇಕೆನಿಸಿದರೆ ದಾರಿಯೇ ಇರಲಿಲ್ಲ.

ಎದುರಿನ ಗೋಡೆಯಲ್ಲಿ ಒಂದು ಚಿತ್ರವಿತ್ತು. ಕಡಲತೀರ. ಇಂಪ್ರೆಷನಿಸ್ಟರು ಅಂತ ಚಿತ್ರಗಾರರು ಹಿಂದೆ ಫ್ರಾನ್ಸಿನಲ್ಲಿ ಇದ್ದರಂತೆ, ಅವರ ಕಾಲದ ಚಿತ್ರದ ಪ್ರಿಂಟು ಎಂದು ಡಾಕ್ಟರು ಹೇಳಿದ್ದರು. ದಿನಕ್ಕೊಂದು ಲೀಟರಿಗಿಂತ ಹೆಚ್ಚು ನೀರು ಕುಡಿಯಬೇಡಿ ಎಂದವರೇ ಕಣ್ಣೆದುರು ಅಷ್ಟು ನೀರು ನೇತುಹಾಕಿದ್ದಾರಲ್ಲ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು.

ಪಕ್ಕದ ಕುರ್ಚಿಯವರು ಚಿತ್ರದುರ್ಗದವರೇ ಆದ ಹಿರಿಯರು, ನಲವತ್ತು ವರ್ಷ ಅಂಗಡಿ ಬೋರ್ಡು ಬರೆದವರು. ಚಾಚಾ ಎನ್ನುತ್ತಿದ್ದೆ.

"ಏನಮ್ಮ, ಆ ಚಿತ್ರದ ಮೇಲೆ ಯಾವಾಗ್ಲೂ ಸಿಡುಕ್ತಿಯಲ್ಲ?" ಎಂದರು ಒಂದು ದಿನ.

"ನೀರು ನೀರಿನಂಗೇ ಇಲ್ಲ ಚಾಚಾ. ಬರೀ ಗೀರು, ಚುಕ್ಕೆ."

"ನೀರು, ಬಂಡೆ ಅಂತ ಹುಡುಕಬ್ಯಾಡ. ಅಂಗಡೀಲಿ ಹೇಳ್ತಿಯಲ್ಲ, ಹಂಗೆ ಬಣ್ಣ ಹೇಳು."

ಹೇಳಿದೆ. ನೀರಿನ ನಡುವೆ ಆನಂದ ಬಣ್ಣದ ನೀಲಿ, ದಡದ ಹತ್ತಿರ ನೀಲಿ ಬೆರೆತ ರಾಮಾ ಗ್ರೀನ್. ಮರಳು ಹಳದಿ ಎಂದುಕೊಂಡಿದ್ದೆ, ನೋಡಿದರೆ ಈರುಳ್ಳಿ ಸಿಪ್ಪೆ. ಬಂಡೆಯ ನೆರಳು ಬದನೆಕಾಯಿ ಬಣ್ಣ. ಇಡೀ ಚಿತ್ರದಲ್ಲಿ ಕಪ್ಪೇ ಇರಲಿಲ್ಲ.

"ಕಪ್ಪು ಹಾಕಿದ್ರೆ ಬಿಸಿಲು ಸತ್ತೋಗ್ತೈತೆ," ಎಂದರು ಚಾಚಾ. "ಇನ್ನು ಕಟ್ಟಿರೋ ರೀತಿ ನೋಡು. ಆಕಾಶಕ್ಕೆ ಮೇಲೆ ಒಂದು ಗೇಣು ಬಿಟ್ಟು ಉಳಿದಿದ್ದೆಲ್ಲ ನೀರು, ಮರಳು. ಎಡಕ್ಕೆ ಬಂಡೆ ನಿಲ್ಸಿ ಕಣ್ಣು ಆಚೆ ಹೋಗದಂಗೆ ಮಾಡ್ಯಾನೆ. ಬಲಕ್ಕೆ ಜಾರಿದ್ರೆ ಆ ಬಿಳೇ ಹಾಯಿ ಹಿಡ್ಕಂತೈತೆ."

ಅಂದಿನಿಂದ ನನ್ನ ಕಣ್ಣು ಬಂಡೆಯಿಂದ ಹಾಯಿಗೆ, ಹಾಯಿಯಿಂದ ಮರಳಿಗೆ, ಮತ್ತೆ ಬಂಡೆಗೆ ಸುತ್ತತೊಡಗಿತು. ಚೌಕಟ್ಟಿನಿಂದ ಹೊರಬೀಳಲು ಎಷ್ಟು ಸಲ ನೋಡಿದರೂ ಆಗಲಿಲ್ಲ. ಚಾಚಾ ಮತ್ತೆ ಮತ್ತೆ ನನ್ನಿಂದ ಬಣ್ಣ ಹೇಳಿಸುತ್ತಲೇ ಇದ್ದರು.

ನಿಜವಾದ ಸಮುದ್ರ ನೋಡುವ ಆಸೆ ಹತ್ತಿತು. ಡಾಕ್ಟರು ದೂರದ ಪ್ರಯಾಣ ಬೇಡವೆಂದರು. ನಮ್ಮ ಮನೆಯವರು ಸಮಾಧಾನ ಮಾಡಿದರು: "ಮಾರಿಕಣಿವೆ ಡ್ಯಾಮಿಗೆ ಹೋಗಾಣ ನಡಿ, ಅದೂ ನೀರೇ."

ಒಂದು ಭಾನುವಾರ ಹಿರಿಯೂರಿನ ಕಡೆ ಹೊರಟೆವು. ಕಣಿವೆ ತುಂಬಿತ್ತು. ಕಟ್ಟೆಯ ಮೇಲೆ ನಿಂತಾಗ ಗುಡ್ಡದ ನೆರಳು ನೀರಿಗಿಳಿದಿದ್ದು ಕಂಡಿತು.

"ನೋಡ್ರಿ, ಬದನೆಕಾಯಿ ಬಣ್ಣ!" ಎಂದೆ.

"ನೀಲಿ ಐತಲ್ಲೇ," ಎಂದರು.

ನಗು ಬಂತು. ಹಿಂದೆಯೇ ಬಾಯಾರಿಕೆಯೂ. ಬಾಟಲಿಯ ಮುಚ್ಚಳದಲ್ಲಿ ಎರಡು ಗುಟುಕು ಅಳೆದು ಕೊಟ್ಟರು. ಅಷ್ಟು ನೀರಿನ ಎದುರು ಆ ಮುಚ್ಚಳ ಹಿಡಿದು ನಿಂತಾಗ ಅಳು ತಡೆಯಲಾಗಲಿಲ್ಲ. ನಮ್ಮ ಮನೆಯವರು ಪಕ್ಕಕ್ಕೆ ಬಂದು ನಿಂತರು. ಮಾರನೇ ದಿನ ಮತ್ತೆ ಬಸ್ಸು, ಮತ್ತೆ ಸೂಜಿ.

ಚಾಚಾಗೆ ಎಲ್ಲ ಹೇಳಿದೆ. ನೀರಿನ ಮೇಲೆ ಬಿಸಿಲು ಹೇಗೆ ಒಡೆದಿತ್ತು ಎಂದು ಕೆದಕಿ ಕೆದಕಿ ಕೇಳಿದರು. ಕೊನೆಗೆ ಮೆಲ್ಲಗೆ ಅಂದರು, "ನನಗೆ ಈ ಚಿತ್ರಾನೂ ಈಗ ಕಾಣಲ್ಲಮ್ಮ. ಸಕ್ಕರೆ ಕಾಯಿಲೆ ಕಣ್ಣು ತಿಂದೈತೆ. ಬಂಡೆ, ಹಾಯಿ ಎಲ್ಲ ಹಿಂದೆ ನೋಡಿದ್ದು. ಈಗ ಅಲ್ಲಿ ಒಂದು ಬೆಳಕಿನ ಚೌಕ, ಅಷ್ಟೇ."

ಇಷ್ಟು ದಿನ ಅವರು ನನ್ನಿಂದ ಯಾಕೆ ಬಣ್ಣ ಹೇಳಿಸುತ್ತಿದ್ದರು ಎಂದು ಆಗ ತಿಳಿಯಿತು. ಆಮೇಲೆ ಪ್ರತಿ ಸಲವೂ ನಾನಾಗಿಯೇ ಹೇಳತೊಡಗಿದೆ. ಒಂದು ಸಲ ಬಂಡೆಯ ತುದಿಯಲ್ಲಿ, ಅಷ್ಟು ತಿಂಗಳು ಕಣ್ಣಿಗೇ ಬೀಳದಿದ್ದ ಎರಡು ಪುಟ್ಟ ಗೀರು ಕಂಡವು.

"ಚಾಚಾ, ಮೇಲೆ ಯಾರೋ ನಿಂತವ್ರೆ!"

"ಗಂಡಸೋ, ಹೆಂಗಸೋ?"

"ಗೊತ್ತಾಗಲ್ಲ."

"ಕೆಳಗೆ ನೀರಿಗೆ ಇಳಿಯಾಕೆ ದಾರಿ ಐತಾ ನೋಡು."

ಬಂಡೆಯ ಒಂದೊಂದು ಗೀರನ್ನೂ ಹಿಡಿದು ಇಳಿಯುತ್ತಾ ಬಂದೆ. ದಾರಿ ಸಿಗಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಇಲ್ಲ ಚಾಚಾ."

"ಸರಿಯಾಗಿ ನೋಡು," ಎಂದರು. "ಇನ್ನೂ ಎರಡು ಗಂಟೆ ಐತೆ."