ಕೊಟ್ರಬಸಪ್ಪನವರ ಎರಡು ಪಟ್ಟಿ

ಕೊಪ್ಪಳದ ಹೊರಗಿನ ವಿಮಾನದ ಬಯಲಿಗೆ ಇನ್ನೂ ಬಿಸಿಲು ಬಿದ್ದಿಲ್ಲ. ಹಾರಾಟದ ಸಂಘದ ಗುಮಾಸ್ತ ಕೊಟ್ರಬಸಪ್ಪನವರು ತಗಡಿನ ಶೆಡ್ಡಿನ ಮುಂದೆ ಎರಡು ಪಟ್ಟಿ ಹರಡಿಕೊಂಡು ಕೂತು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದುತ್ತಿದ್ದಾರೆ. ಇದು ಐದನೆಯ ಸಲ. ಡಿಸೆಂಬರಿನ ಚಳಿಯಲ್ಲೂ ಕೂತಲ್ಲಿಂದ ಎದ್ದಿಲ್ಲ.

ಇವತ್ತು ಹವ್ಯಾಸಿಗಳ ಕಸರತ್ತಿನ ಹಾರಾಟದ ಸ್ಪರ್ಧೆ. ಹನ್ನೊಂದು ಮಂದಿ ಆಕಾಶದಲ್ಲಿ ಪಲ್ಟಿ ಹೊಡೆಯಲಿದ್ದಾರೆ. ಯಾರು ಯಾವ ಪಟ್ಟಿಗೆ, ಯಾರು ಬಹುಮಾನದ ಯಾವ ಕಪ್ಪಿಗೆ ಅರ್ಹರು ಎಂದು ಗೊತ್ತುಮಾಡುವ ಈ ನಲವತ್ತೆಂಟರ ಮನುಷ್ಯನನ್ನು ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ಲೈಸನ್ಸ್ ಸಿಕ್ಕು ವರ್ಷ ತುಂಬದವರು ಹೊಸಬರು. ಒಂದು ಪಲ್ಟಿ ಹೊಡೆದು ಇಳಿಯಬೇಕು, ಸಣ್ಣ ಕಪ್ಪು. ವರ್ಷ ದಾಟಿದವರು ನುರಿತವರು. ವಿಮಾನವನ್ನು ಬುಗುರಿಯಂತೆ ಸುತ್ತಿಸುತ್ತ ಕೆಳಗಿಳಿಸಿ ಮತ್ತೆ ಮೇಲೆತ್ತಬೇಕು, ದೊಡ್ಡ ಕಪ್ಪು. ಹಾರಾಟಕ್ಕೆ ಸಂಬಳ ಪಡೆಯುವವರಿಗೆ ಎರಡೂ ಇಲ್ಲ.

ಕೇಳಲು ಸರಳ. ಆದರೆ ನಿಜಾಮರ ಸೀಮೆಯ ಕಾಗದಗಳಲ್ಲಿ ಇರುವುದು ಸರ್ಕಾರಿ ಲೆಕ್ಕದ ಫಸಲಿ ವರ್ಷ, ಅದು ಶುರುವಾಗುವುದು ಅಕ್ಟೋಬರಿನಲ್ಲಿ; ಹಾಗಾಗಿ ಒಂದು ಫಸಲಿ ಎರಡು ಇಂಗ್ಲಿಷ್ ವರ್ಷಗಳಿಗೆ ಚಾಚಿಕೊಳ್ಳುತ್ತದೆ. ಹೋದ ವರ್ಷ ಅಳವಂಡಿಯ ಉಮಾಪತಿಯ ಲೈಸನ್ಸಿನಲ್ಲಿ ಫಸಲಿ ೧೩೪೬ರ ಕೊನೆಯ ತಿಂಗಳು ಎಂದಿತ್ತು. ಅಂದರೆ ೧೯೩೭ರ ಸೆಪ್ಟೆಂಬರ್. ಗಡಿಬಿಡಿಯಲ್ಲಿ ಕೊಟ್ರಬಸಪ್ಪನವರು ೧೯೩೬ ಎಂದು ಬರೆದುಕೊಂಡರು. ಮೂರೇ ತಿಂಗಳ ಅನುಭವದವನು ನುರಿತವರ ಪಟ್ಟಿ ಸೇರಿದ. ಸುತ್ತುತ್ತ ಇಳಿದ ವಿಮಾನ ಮೇಲೇಳಲೇ ಇಲ್ಲ. ಆಚೆಯ ಜೋಳದ ಹೊಲದಲ್ಲಿ ಉಮಾಪತಿಯ ಉಸಿರು ನಿಂತಿತು.

"ತಪ್ಪು ನಂದ ಅಂತ ಎಲ್ಲಾರ ಮುಂದ ಹೇಳಿದ್ನಿರಿ. 'ಅವನ ಹಣೇಬರಹ, ನೀ ಏನ ಮಾಡ್ತಿ' ಅಂದ್ರು. ಬರದಾಂವ ನಾನ ಅಲ್ರಿ?" ಎನ್ನುತ್ತಾರೆ ಕೊಟ್ರಬಸಪ್ಪನವರು. ಹೆಂಡತಿ ಶಂಕ್ರಮ್ಮ ಬುತ್ತಿ ತಂದಿಟ್ಟಿದ್ದಾರೆ, ಗಂಟು ಬಿಚ್ಚಿಲ್ಲ. "ವಿಮಾನದ ಸಪ್ಪಳ ಕೇಳಿದ್ರ ಸಾಕ್ರಿ, ಮೈಯೆಲ್ಲಾ ಬೆವರತೈತಿ ಇವರಿಗೆ" ಎಂದು ಆಕೆ ಕಣ್ಣೊರೆಸಿಕೊಳ್ಳುತ್ತಾರೆ.

ಈ ಸಲದ ದೊಡ್ಡ ಕಪ್ಪು ಕುಷ್ಟಗಿಯ ವ್ಯಾಪಾರಿ ವೆಂಕೋಬ ಶೆಟ್ಟರ ಕೊಡುಗೆ. ಅವರ ಮಗ ತಿರುಪತಿಯೂ ಹಾರುತ್ತಾನೆ; ಲೈಸನ್ಸ್ ಸಿಕ್ಕು ಇನ್ನೂ ಮೂರೇ ತಿಂಗಳು. ನಿನ್ನೆ ಶೆಟ್ಟರು ಬಂದು ಗುಡುಗಿದರು: "ಕಪ್ ಕೊಟ್ಟಾಂವ ನಾನು. ನನ್ನ ಮಗಾ ಹೊಸಬರ ಪಟ್ಟಿಯಾಗ? ತಿದ್ದು. ಇಲ್ಲಂದ್ರ ನಾಳೆ ನಿನ್ನ ನೌಕರಿ ಇರಂಗಿಲ್ಲ." ಈ ನೌಕರಿ ಬಿಟ್ಟರೆ ಮನೆಗೆ ಬೇರೆ ಗತಿಯಿಲ್ಲ. ಕೊಟ್ರಬಸಪ್ಪನವರು ಕೈ ಮುಗಿದರು, "ವರ್ಷ ತುಂಬಲಿ ಧಣಿ" ಎಂದರು, ತಿದ್ದಲಿಲ್ಲ.

ಬಿಸಿಲೇರಿ ಸ್ಪರ್ಧೆ ಶುರುವಾಗಿದೆ; ತಿರುಪತಿಯ ವಿಮಾನ ಈಗ ಮೇಲೇರಿದೆ. ಹಟಕ್ಕೆ ಬಿದ್ದು ಬುಗುರಿ ಸುತ್ತಿಸಿಯೇ ಬಿಟ್ಟರೆ? ರೆಕ್ಕೆ ಒಂದು ಕಡೆಗೆ ವಾಲುತ್ತದೆ. ಕೊಟ್ರಬಸಪ್ಪನವರು ಕಣ್ಣು ಮುಚ್ಚಿಕೊಂಡು ಶೆಡ್ಡಿನ ಕಂಬವನ್ನು ಗಟ್ಟಿಯಾಗಿ ಹಿಡಿಯುತ್ತಾರೆ. ಜನ ಚಪ್ಪಾಳೆ ತಟ್ಟಿದ ಮೇಲೆಯೇ ಕಣ್ಣು ತೆರೆಯುವುದು. ಒಂದೇ ಪಲ್ಟಿ ಹೊಡೆದು ವಿಮಾನ ನೆಲ ಮುಟ್ಟಿದೆ.

ನಿಂತ ವಿಮಾನದಿಂದ ಧುಮುಕಿದ ತಿರುಪತಿ ನೆಟ್ಟಗೆ ಶೆಡ್ಡಿಗೆ ಬರುತ್ತಾನೆ. "ಮಂದಿ ಮುಂದ ನನ್ನ ಮಾನ ತಗದಿಯಲ್ಲೋ ಗುಮಾಸ್ತ!" ಎಂದು ಬಾಯಿಗೆ ಬಂದಂತೆ ಬೈದು ಹೋಗುತ್ತಾನೆ. ಅತ್ತ ಶೆಟ್ಟರು ಸಂಘದ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ. ಸಂಜೆಯ ಹೊತ್ತಿಗೆ ನೌಕರಿ ಉಳಿದೀತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ಇಷ್ಟು ಬೈಸಿಕೊಂಡು ಹೇಗನಿಸುತ್ತದೆ ಎಂದು ಕೇಳಿದರೆ ಕೊಟ್ರಬಸಪ್ಪನವರು ಮುಖ ಒರೆಸಿಕೊಳ್ಳುತ್ತಾರೆ.

"ಬೈಲಿ ಬಿಡ್ರಿ. ಬಯ್ಯಾಕ ಕೆಳಗ ಇಳದು ಬಂದಾನಲ್ರಿ."